ಈಳಿಗೆ ಮಣೆಯನ್ನು ನೆಲದಿಂದ ಎತ್ತಿದ್ದು: ಒಂದು ಸ್ಟೂಲಿನ ಕೆಲಸದ ಟಿಪ್ಪಣಿ

ತುಮಕೂರು ಸೀಮೆಯ ಅಡುಗೆಗೆ ದಿನವೂ ಕಾಯಿ ಬೇಕು. ಕಾಯಿ ತುರಿಯಲು ನೆಲಕ್ಕೆ ಕೂರಬೇಕು. ಅಮ್ಮನಿಗೆ ಈಗ ನೆಲಕ್ಕೆ ಕೂರಲು ಮಂಡಿ ಬಿಡುವುದಿಲ್ಲ. ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಅಡುಗೆಕಟ್ಟೆಗೆ ಬಿಗಿಯುವ, ಹಿಡಿ ತಿರುಗಿಸುವ ತುರಿಯಂತ್ರವನ್ನು ತಂದಿದ್ದೆವು. ಅದಕ್ಕೆ ನಿಂತೇ ಇರಬೇಕು, ಮೇಲಾಗಿ ಅದರಲ್ಲಿ ಹುರುಳಿಕಾಯಿ ಹೆಚ್ಚಲು ಬರುವುದಿಲ್ಲ. ಮಿಕ್ಸಿಗೆ ಹೋಳು ಹಾಕಿ ತಿರುಗಿಸಿದರೆ ಬರುವುದು ಪುಡಿ, ತುರಿಯಲ್ಲ ಎಂಬುದು ಅಮ್ಮನ ತೀರ್ಪು. ಹಾಗಾಗಿ ಕುರ್ಚಿಯ ಮೇಲೆ ಕೂತು ಬಳಸಬಹುದಾದ ಈಳಿಗೆ ಮಣೆಯೊಂದನ್ನು ಮಾಡಲು ಹೊರಟೆ.

ಬಟವಾಡಿಯ ನಮ್ಮ ಮನೆಯಲ್ಲಿ ಅಡುಗೆಮನೆ ಎಂಟಕ್ಕೆ ಹತ್ತು ಅಡಿ. ಅಲ್ಲಿಗೆ ಹೊಸ ವಸ್ತು ಬರಬೇಕಾದರೆ ಈಗಿರುವ ಒಂದೆರಡಾದರೂ ಹೊರಗೆ ಹೋಗಬೇಕು ಎಂದು ಹೆಂಡತಿ ಷರತ್ತು ಹಾಕಿದಳು. ಒಂದೇ ವಸ್ತುವಿಗೆ ಹಲವು ಕೆಲಸ ಹೊರಿಸುವ ಯೋಚನೆ ಹುಟ್ಟಿದ್ದು ಆ ಷರತ್ತಿನಿಂದ.

ನನ್ನ ವೃತ್ತಿ ಲೆಕ್ಕಪತ್ರದ್ದು. ಮನೆಯಲ್ಲಿ ಕೈಗರಗಸ, ಎರಡು ಉಳಿ, ಚಿಕ್ಕ ಹತ್ತರಿ, ಡ್ರಿಲ್ ಯಂತ್ರ ಇವೆ. ಕೈಗೆ ಮೀರಿದ ಕಡೆ ಗುಬ್ಬಿ ಗೇಟ್ ಹತ್ತಿರದ ಆಚಾರರೊಬ್ಬರ ಸಹಾಯ ಪಡೆದಿದ್ದೇನೆ. ಅಳತೆಗಳೆಲ್ಲ ಸೆಂಟಿಮೀಟರಿನಲ್ಲಿವೆ; ಆಚಾರರು ಅವನ್ನು ಇಂಚಿಗೆ ತಿರುಗಿಸಿಕೊಂಡ ಕಡೆ ಎರಡು ಮೂರು ಮಿಲಿಮೀಟರ್ ಆಚೀಚೆ ಆಗಿದೆ.

1. ಹಳೆಯದನ್ನು ಅಳೆದದ್ದು

ಮನೆಯಲ್ಲಿದ್ದ ಈಳಿಗೆ ಮಣೆ ಹಲಸಿನದು. ಹಲಗೆ 48 ಸೆಂ.ಮೀ ಉದ್ದ, 15 ಅಗಲ. ನೆಲದಿಂದ 5 ಸೆಂ.ಮೀ ಎತ್ತರ. ಅಲಗು ಹಲಗೆಯಿಂದ ಮೇಲಕ್ಕೆ 19 ಸೆಂ.ಮೀ. ಇದರಲ್ಲಿ ಸ್ಕ್ರೂ ಬಿಗಿಯುವ ಕೆಲಸವಿಲ್ಲ, ಬೇರೆ ಹಿಡಿಕಟ್ಟೂ ಇಲ್ಲ. ಕೂತವರ ಭಾರವೇ ಅದನ್ನು ಅಲುಗದಂತೆ ಹಿಡಿಯುತ್ತದೆ, ಎರಡು ಕೈಯೂ ಕಾಯಿ ಹಿಡಿಯಲು ಬಿಡುವಾಗಿರುತ್ತವೆ. ಕೂರುವ ಹಲಗೆ, ಹಿಡಿಕಟ್ಟು, ಕತ್ತಿ, ತುರಿಯುವ ಹಲ್ಲು ನಾಲ್ಕೂ ಒಂದೇ ತುಂಡಿನಲ್ಲಿವೆ. ಇದನ್ನು ಎತ್ತರಕ್ಕೆ ಏರಿಸಿದ ಕೂಡಲೇ ಕೂತವರ ಭಾರದ ಹಿಡಿಕಟ್ಟು ಕೈಬಿಟ್ಟುಹೋಗುತ್ತದೆ. ಮುಂದಿನ ತಾಪತ್ರಯವೆಲ್ಲ ಆ ಭಾರವನ್ನು ಮತ್ತೆ ಎಲ್ಲಿ ಇಡುವುದು ಎಂಬುದರದ್ದೇ.

ತುರಿಯುವಾಗ ಕೈ ಎಷ್ಟು ಒತ್ತುತ್ತದೆ ಎಂದು ತಿಳಿಯಲು ಮಣೆಯನ್ನು ಒಂದು ಪ್ಲೈವುಡ್ ಹಲಗೆಗೆ ಬಿಗಿದು, ಅದನ್ನು ಮೈತೂಕ ನೋಡುವ ಯಂತ್ರದ ಮೇಲಿಟ್ಟು, ಹೆಂಡತಿಯ ಕೈಯಲ್ಲಿ ಒಂದು ಹೋಳು ತುರಿಸಿದೆ. ಮುಳ್ಳು ಹೆಚ್ಚಾಗಿ 6ರಿಂದ 8 ಕಿಲೋ ನಡುವೆ ಆಡಿತು. ಹೋಳಿನ ಅಂಚಿಗೆ ಬಂದಾಗ 11 ಮುಟ್ಟಿತು. ಅಡ್ಡಕ್ಕೆ ಎಳೆಯುವ ಬಲವನ್ನು ಅಳೆಯಲು ಮನೆಯಲ್ಲಿ ಸಾಧನವಿರಲಿಲ್ಲ. ಮುಂದೆ ಕಾಟ ಕೊಟ್ಟದ್ದು ಅದೇ.

2. ಕಾಗದದ ಮೇಲೆ

ಏನೇನು ಕೆಲಸ ಬೇಕು ಎಂದು ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ಮನೆಯವರೆಲ್ಲ ಅದಕ್ಕೆ ಸೇರಿಸುತ್ತ ಹೋದರು: ಕಾಯಿ ತುರಿಯುವುದು ಮತ್ತು ತರಕಾರಿ ಹೆಚ್ಚುವುದು, ಕೂರುವ ಸ್ಟೂಲು, ಅಟ್ಟದ ಡಬ್ಬಿ ತೆಗೆಯಲು ಮೆಟ್ಟಿಲು, ಮಗ ನೆಲದಲ್ಲಿ ಕೂತು ಬರೆಯಲು ಡೆಸ್ಕು, ತಲೆಕೆಳಗು ಮಾಡಿ ಕಾಯಿ ಹೊರುವ ಬುಟ್ಟಿ, ಬಟ್ಟೆಗೆ ಇಸ್ತ್ರಿ ಹಾಕುವ ಹಲಗೆ. ಕೊನೆಯದನ್ನು ಮೊದಲ ದಿನವೇ ಹೊಡೆದು ಹಾಕಿದೆ. ಇಸ್ತ್ರಿಗೆ ಉದ್ದ ಬೇಕು, ಉಳಿದೆಲ್ಲಕ್ಕೂ ಗಿಡ್ಡ ಬೇಕು.

ಆಕಾರದ ಸುಳಿವು ಸಿಕ್ಕಿದ್ದು ಜರ್ಮನಿಯ ಉಲ್ಮ್ ನಗರದ ವಿನ್ಯಾಸ ಶಾಲೆಯ ಸ್ಟೂಲಿನಿಂದ. 1954ರಲ್ಲಿ ಮ್ಯಾಕ್ಸ್ ಬಿಲ್ ಮತ್ತು ಹ್ಯಾನ್ಸ್ ಗೂಗೆಲೊಟ್ ಅದನ್ನು ರೂಪಿಸಿದರು. ಮೂರು ಹಲಗೆ, ಕೆಳಗೆ ಒಂದು ದುಂಡು ಕೋಲು, ಅಷ್ಟೇ. ನೆಟ್ಟಗೆ ನಿಲ್ಲಿಸಿದರೆ ಒಂದು ಎತ್ತರ, ಮಗ್ಗುಲಿಗೆ ಉರುಳಿಸಿದರೆ ಇನ್ನೊಂದು. ತಲೆಕೆಳಗು ಮಾಡಿದರೆ ಕೋಲನ್ನು ಹಿಡಿದು ಪುಸ್ತಕ ಹೊತ್ತುಕೊಂಡು ಹೋಗಬಹುದು. ಒಂದೂ ಕೀಲಿಲ್ಲ, ಮಡಚುವುದಿಲ್ಲ, ಉರುಳಿಸುವುದೇ ಬದಲಾವಣೆ. ಆ ಸ್ಟೂಲಿನ ಎರಡು ಎತ್ತರಗಳ ನಡುವೆ ವ್ಯತ್ಯಾಸ ಕಡಿಮೆ. ನನಗೆ ಹೆಚ್ಚು ಬೇಕಿತ್ತು: ಕೂರಲು 42 ಸೆಂ.ಮೀ, ಮೆಟ್ಟಿಲಿಗೂ ಮಗನ ಡೆಸ್ಕಿಗೂ 32. ಹಾಗಾಗಿ ಹೊರ ಅಳತೆ ಹೀಗೆ ನಿಂತಿತು: ಎತ್ತರ 42, ಅಗಲ 32, ಮುಂದಿನಿಂದ ಹಿಂದಕ್ಕೆ 38.

ರಟ್ಟಿನ ಪೆಟ್ಟಿಗೆಯನ್ನು ಈ ಅಳತೆಗೆ ಕತ್ತರಿಸಿ, ಟೇಪು ಸುತ್ತಿ ಅಡುಗೆಮನೆಯಲ್ಲಿ ಇಟ್ಟು ನೋಡಿದೆವು. ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸರಿಯಾಗಿ ಕೂತಿತು. ಖರ್ಚಿಲ್ಲದ ಕೆಲಸ; ಇದನ್ನು ಯಾರೂ ಬಿಡಬಾರದು.

3. ತೆಂಗಿನ ಮರದ ಬೆಂಚು: ಬಿಟ್ಟದ್ದು

ಮೊದಲ ಮಾದರಿಗೆ ರಟ್ಟಿನ ಅಳತೆಯನ್ನೂ ಬದಿಗಿಟ್ಟು ಬೇರೆ ದಾರಿ ಹಿಡಿದಿದ್ದೆ. ಹಳೆಯ ಮಣೆಗೆ ಕಾಲು ಕೊಟ್ಟು ಎತ್ತರಿಸಿದರೆ ಸಾಕಲ್ಲವೇ ಎಂಬ ಲೆಕ್ಕ. ತುರುವೇಕೆರೆ ಕಡೆಯ ನಮ್ಮ ತೋಟದಲ್ಲಿ ಒಣಗಿದ ತೆಂಗಿನ ಮರವೊಂದನ್ನು ಕಡಿಸಿದ್ದೆವು. ಬುಡದ ದಿಮ್ಮಿಯನ್ನು ಸಾಮಿಲ್ಲಿಗೆ ಹಾಕಿಸಿ ಹಲಗೆ ಕೊಯ್ಯಿಸಿದೆ. ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ ಎಂದು ಮಾಮೂಲಿಗಿಂತ ಹೆಚ್ಚು ಕೂಲಿ ಕೇಳಿದರು, 350 ರೂಪಾಯಿ.

ತೆಂಗಿನ ಮರದಲ್ಲಿ ಗಟ್ಟಿ ಇರುವುದು ಹೊರಸುತ್ತಿನ ಎರಡು ಮೂರು ಇಂಚು ಮಾತ್ರ. ಒಳಕ್ಕೆ ಹೋದಂತೆ ನಾರು ಸಡಿಲವಾಗುತ್ತದೆ. ನಡುವಿನ ತಿರುಳು ಉಗುರಿಗೂ ಸಿಗುತ್ತದೆ. ನನ್ನ ಹಲಗೆಗಳಲ್ಲಿ ಒಂದು ಅಂಚು ಕಬ್ಬಿಣ, ಇನ್ನೊಂದು ಅಂಚು ಹೂರಣ. ಅಲಗಿನ ಬುಡದ ಸ್ಕ್ರೂಗಳು ಮೆತ್ತಗಿನ ಅಂಚಿಗೆ ಬಿದ್ದವು. ಎರಡನೆಯ ಕಾಯಿಯ ಹೊತ್ತಿಗೆ ಅಲಗು ಅಲುಗತೊಡಗಿತು. ಸ್ಕ್ರೂ ಬಿಚ್ಚಿದರೆ ತೂತಿನಿಂದ ಪುಡಿ ಉದುರಿತು. ಮೇಲಿಂದ ಒತ್ತುವ 8 ಕಿಲೋವನ್ನು ಮರ ತಾಳಿಕೊಂಡಿತ್ತು. ಹಿಂದೆ ಮುಂದೆ ಎಳೆಯುವ ಬಲ ಸ್ಕ್ರೂವನ್ನು ಕಿತ್ತಿತು.

ಮರ ಗಟ್ಟಿಯಿದ್ದಿದ್ದರೂ ಈ ಬೆಂಚು ಉಳಿಯುತ್ತಿರಲಿಲ್ಲ. ಅಲಗು ಬೆಂಚಿನ ಮುಂತುದಿಯಲ್ಲಿದೆ, ಆದ್ದರಿಂದ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರಬೇಕು. ಅಮ್ಮ ಸೀರೆ ಉಡುವವರು. ಬೆಂಚನ್ನು ಒಮ್ಮೆ ನೋಡಿ, "ಈ ವಯಸ್ಸಿನಲ್ಲಿ ನನಗೆ ಕುದುರೆ ಸವಾರಿ ಕಲಿಸುತ್ತೀಯೇನೋ?" ಎಂದರು. ನೆಲದ ಮಣೆಯಲ್ಲಿ ಒಂದು ಕಾಲು ಮಡಚಿ, ಒಂದು ಮಂಡಿ ಎತ್ತಿ ಕೂರುವ ರೀತಿ ಸೀರೆಗೆ ಹೊಂದಿಕೊಂಡೇ ಬಂದದ್ದು. ಕಾಲು ಕೊಟ್ಟ ಕೂಡಲೇ ಆ ಭಂಗಿ ಹೋಯಿತು. ಕಾಗದದ ಮೇಲೆ ಗೆರೆ ಎಳೆಯುವಾಗ ಯಾರು ಏನು ಉಟ್ಟು ಕೂರುತ್ತಾರೆ ಎಂಬುದು ಗೆರೆಯಲ್ಲಿ ಬಂದಿರಲಿಲ್ಲ.

ಕೇರಳದಲ್ಲಿ ಕಾಯಿ ತುರಿಯಲು ಕುಳ್ಳ ಸ್ಟೂಲಿನಂಥ 'ಚಿರವ' ಇರುತ್ತದೆ, ಅದರ ಮೇಲೆ ಒಂದೇ ಬದಿಗೆ ಕಾಲು ಹಾಕಿಯೂ ಕೂರುತ್ತಾರೆ. ಅದನ್ನೂ ಪ್ರಯತ್ನಿಸಿದೆವು. ಒಂದು ಹೋಳು ಮುಗಿಯುವಷ್ಟರಲ್ಲಿ ಸೊಂಟ ತಿರುಚಿಕೊಂಡಿತು. ಬೆಂಚು ಈಗ ಹಿತ್ತಲಲ್ಲಿ ಹೂಕುಂಡ ಹೊತ್ತಿದೆ.

4. ಭಾರ ಪಾದಕ್ಕೆ ಹೋದದ್ದು

ಕೂರುವ ಜಾಗವನ್ನೂ ಅಲಗಿನ ಜಾಗವನ್ನೂ ಬೇರೆ ಮಾಡಿದರೆ ಸೀರೆಯ ತೊಂದರೆ ಇಲ್ಲ. ಅಮ್ಮ ಮಾಮೂಲಿ ಕುರ್ಚಿಯ ಮೇಲೆ ಕೂರಲಿ, ಸ್ಟೂಲು ಎದುರಿಗೆ ಇರಲಿ. ಆಗ ಸ್ಟೂಲನ್ನು ಹಿಡಿಯುವವರು ಯಾರು? ರಟ್ಟಿನ ಪೆಟ್ಟಿಗೆಯ ಜಾಗದಲ್ಲಿ ಒಂದು ಹಳೆಯ ಮರದ ಪೆಟ್ಟಿಗೆಯನ್ನು ನಿಲ್ಲಿಸಿ, ಮೇಲೆ ಮಣೆ ಬಿಗಿದು ನೋಡಿದೆ. ಟೈಲ್ಸ್ ನೆಲದ ಮೇಲೆ ಪೆಟ್ಟಿಗೆ ಜಾರುತ್ತ ಹೋಯಿತು. ಕುರ್ಚಿಯಲ್ಲಿ ಕೂತಿದ್ದ ಅಮ್ಮ ತಾವಾಗಿಯೇ ಪೆಟ್ಟಿಗೆಯ ಕೆಳಪಟ್ಟಿಯ ಮೇಲೆ ಎರಡೂ ಪಾದ ಇಟ್ಟು ಒತ್ತಿ ಹಿಡಿದರು. ಪೆಟ್ಟಿಗೆ ನಿಂತಿತು.

ಅಲ್ಲಿಗೆ ಉಲ್ಮ್ ಸ್ಟೂಲಿನ ದುಂಡು ಕೋಲಿಗೆ ನಮ್ಮ ಮನೆಯಲ್ಲಿ ಕೆಲಸ ಸಿಕ್ಕಿತು. ನೆಲದಿಂದ 11 ಸೆಂ.ಮೀ ಎತ್ತರದಲ್ಲಿ, ಮುಂದಿನ ಅಂಚಿನಿಂದ 14 ಸೆಂ.ಮೀ ಒಳಗೆ ಒಂದು ಅಡ್ಡಪಟ್ಟಿ. ಪಾದ ಅದರ ಮೇಲೆ. ನೆಲದ ಮಣೆಯನ್ನು ಹಿಡಿಯುತ್ತಿದ್ದ ದೇಹದ ಭಾರದ ಒಂದು ಪಾಲು ಕಾಲಿನ ಮೂಲಕ ಬರುತ್ತದೆ. ಮೊದಲು 28 ಮಿ.ಮೀ ದುಂಡು ಕೋಲನ್ನೇ ಹಾಕಿದ್ದೆ, ಬರಿಗಾಲಿಗೆ ಒತ್ತಿ ನೋವಾಯಿತು. ತೆಗೆದು 7 ಸೆಂ.ಮೀ ಅಗಲದ ಚಪ್ಪಟೆ ಪಟ್ಟಿಯನ್ನು ಕೂರುವವರ ಕಡೆಗೆ ತುಸು ಇಳಿಜಾರಾಗಿ ಕೂರಿಸಿದೆ.

ಎತ್ತರದ ಲೆಕ್ಕ: ಸ್ಟೂಲು 42, ಅದರ ಮೇಲೆ ಅಲಗು 18, ಒಟ್ಟು 60 ಸೆಂ.ಮೀ. ಅಮ್ಮ ಕುರ್ಚಿಯಲ್ಲಿ ಕೂತಾಗ ಮೊಣಕೈ ನೆಲದಿಂದ 63ರಲ್ಲಿ ಬರುತ್ತದೆ. ಕೈ ಮೊಣಕೈಗಿಂತ ತುಸು ಕೆಳಗಿದ್ದರೆ ಒತ್ತಲು ಸುಲಭ. 66ಕ್ಕೆ ಏರಿಸಿ ನೋಡಿದಾಗ ಭುಜ ಎತ್ತಿ ತುರಿಯಬೇಕಾಗಿ ಬಂತು.

5. ಹಲಸಿನ ಮರ, ಜೋಡಣೆ

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಆ ಕಡೆಯಿಂದ ಬಂದ ಮರ ಎಂದು ಅಂತರಸನಹಳ್ಳಿ ಕಡೆಯ ಸಾಮಿಲ್ಲಿನಲ್ಲಿ ಹೇಳಿದರು, ಮರ ಹೇಳಲಿಲ್ಲ. ಮುಕ್ಕಾಲು ಘನ ಅಡಿಗೆ 1,150 ರೂಪಾಯಿ ಕೊಟ್ಟೆ. ಹಲಸಿನ ಚೇಗು ಸ್ಕ್ರೂ ಹಿಡಿಯುತ್ತದೆ, ಗೆದ್ದಲು ಸುಲಭವಾಗಿ ಹತ್ತಿರ ಬರುವುದಿಲ್ಲ, ನೀರು ತಾಗಿದರೂ ತಡೆಯುತ್ತದೆ; ಮಣೆಗಳಿಗೆ ಅದನ್ನೇ ಹಿಂದಿನಿಂದ ಬಳಸುತ್ತ ಬಂದದ್ದು ಸುಮ್ಮನೆ ಅಲ್ಲ. ಹೊಸದಾಗಿ ಕೊಯ್ದಾಗ ಅರಿಸಿನದ ಬಣ್ಣ, ಬೆಳಕು ಗಾಳಿ ತಾಗುತ್ತ ಕಂದಾಗುತ್ತದೆ. ಅಂಚಿನ ಬಿಳಿಯ ಭಾಗವನ್ನು ಕೊಯ್ದು ಹಾಕಬೇಕು, ಹುಳ ಬೀಳುವುದು ಅಲ್ಲಿಗೇ.

38 ಸೆಂ.ಮೀ ಅಗಲದ ಒಂದೇ ಹಲಗೆ ಸಿಗಲಿಲ್ಲ. 19ರ ಎರಡು ಹಲಗೆಗಳ ಅಂಚನ್ನು ಹತ್ತರಿ ಹೊಡೆದು ಸಮ ಮಾಡಿ, ನಡುವೆ ಮೂರು ಬಿದಿರಿನ ಗೂಟ ಕೂರಿಸಿ, ಮರದ ಅಂಟಿನಲ್ಲಿ ಸೇರಿಸಿದೆವು. ದಪ್ಪ 2.5 ಸೆಂ.ಮೀ. ಎರಡು ಬದಿಹಲಗೆಗಳನ್ನು ಸೇರಿಸಲು ಮೇಲ್ಭಾಗದಲ್ಲಿ ಮುಂದೆ ಹಿಂದೆ 6 ಸೆಂ.ಮೀ ಎತ್ತರದ ಎರಡು ಪಟ್ಟಿಗಳಿವೆ, ಕೆಳಗೆ ಪಾದದ ಪಟ್ಟಿ. ಬದಿಹಲಗೆಯಲ್ಲಿ ಆರಪಾರ ತೂತು ತೆಗೆದು, ಪಟ್ಟಿಯ ತುದಿಯನ್ನು ಸಣ್ಣದಾಗಿ ಕಡಿದು ಅದರೊಳಗೆ ಕೂರಿಸುವ ಕಚ್ಚು. ಮೊದಲ ತೂತನ್ನು ನಾನೇ ಉಳಿಯಿಂದ ಕಡಿದೆ. ಆಚಾರರು ಅದರೊಳಗೆ ಬೆರಳು ಆಡಿಸಿ, "ಸ್ವಾಮಿ, ಇದರಲ್ಲಿ ಬೆಕ್ಕು ಹೋಗುತ್ತದೆ" ಎಂದರು. ಉಳಿದವನ್ನು ಅವರೇ ಮಾಡಿದರು, ಒಂದೂವರೆ ದಿನದ ಕೂಲಿ 1,800. ನನ್ನ ತೂತಿನ ಸಡಿಲಕ್ಕೆ ಎರಡು ಕಡೆ ಬೆಣೆ ಹೊಡೆದಿದ್ದಾರೆ. ಅದು ಬಲಬದಿಯ ಹಿಂಭಾಗದಲ್ಲಿ ಕಾಣುತ್ತದೆ.

6. ಅಲಗನ್ನು ಮರೆಮಾಡುವುದು

ಅತಿ ಹೆಚ್ಚು ಹೊತ್ತು ತಿಂದದ್ದು ಇದು. ಅಲಗು ಮೇಲಿದ್ದಾಗ ಅದು ಈಳಿಗೆ, ಇಲ್ಲದಾಗ ಸ್ಟೂಲು. ಎರಡರ ನಡುವಿನ ಬದಲಾವಣೆ ಹೇಗೆ?

ಮಂಡಿಪೇಟೆಯಲ್ಲಿ ಮಡಚುವ ಅಲಗು 420 ರೂಪಾಯಿಗೆ ಸಿಕ್ಕಿತು. ಬುಡದಲ್ಲಿ ಕೀಲಿದೆ, ಮಡಚಿದರೆ 3 ಸೆಂ.ಮೀ ದಪ್ಪಕ್ಕೆ ಮಲಗುತ್ತದೆ. ಮೇಲಿನ ಹಲಗೆಯಲ್ಲಿ ಉದ್ದನೆಯ ಸೀಳು ಮಾಡಿ ಅಲಗನ್ನು ಕೆಳಗಿನಿಂದ ಮೇಲಕ್ಕೆ ಎಬ್ಬಿಸುವ ಯೋಚನೆ ಚಿತ್ರದಲ್ಲಿ ಬಹಳ ಚೆನ್ನಾಗಿ ಕಂಡಿತು. ಆದರೆ ಸ್ಟೂಲಿನ ನಡುವೆ ಸೀಳು ಕಂಡರೆ ಯಾರಾದರೂ ಅದರಲ್ಲಿ ಬೆರಳು ತೂರಿಸಿ ಎತ್ತುತ್ತಾರೆ. ರಟ್ಟಿನಲ್ಲಿ ಸೀಳು ಮಾಡಿ ಇಟ್ಟಾಗ ಮಗ ಮಾಡಿದ್ದು ಅದನ್ನೇ. ಕೈಬಿಟ್ಟೆ.

ಎರಡನೆಯದು ಬೋಲ್ಟು. ಅಲಗನ್ನು ಸಣ್ಣ ಹಲಗೆಗೆ ಬಿಗಿದು, ಆ ಹಲಗೆಯನ್ನು ಸ್ಟೂಲಿನ ಮೇಲೆ ಇಟ್ಟು, 10 ಮಿ.ಮೀ ಬೋಲ್ಟು ಮತ್ತು ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್ಟಿನಿಂದ ಬಿಗಿಯುವುದು. ಗಟ್ಟಿ ಹಿಡಿತ, ಒಂದಿಷ್ಟೂ ಅಲುಗಾಟವಿಲ್ಲ. ಬಿಚ್ಚಿ ಹಾಕಲು ಎರಡು ನಿಮಿಷ. ಒಂದು ವಾರ ಅಡುಗೆಮನೆಯಲ್ಲಿಟ್ಟು ನೋಡಿದರೆ ಯಾರೂ ಬಿಚ್ಚಲೇ ಇಲ್ಲ. ಕೂರಲು ಹಾಲಿನಿಂದ ಪ್ಲಾಸ್ಟಿಕ್ ಸ್ಟೂಲು ಬಂತು, ಅಟ್ಟಕ್ಕೆ ಹತ್ತಲು ಮಗನ ಕುರ್ಚಿ ಬಂತು. ಹಾಲಿನಿಂದ ಸ್ಟೂಲು ತರಲು ಹತ್ತು ಸೆಕೆಂಡು ಸಾಕು. ಬದಲಾವಣೆ ಅದಕ್ಕಿಂತ ಬೇಗ ಆಗದಿದ್ದರೆ ನಾನು ಮಾಡಿದ್ದು ದುಬಾರಿ ಈಳಿಗೆ ಮಾತ್ರ. ಅಂದಿನಿಂದ ಹತ್ತು ಸೆಕೆಂಡನ್ನೇ ಗೆರೆಯಾಗಿ ಇಟ್ಟುಕೊಂಡೆ.

ಮೂರನೆಯದು ತಿರುಗುವ ಹಲಗೆ. ಬದಿಹಲಗೆಗಳ ನಡುವೆ ಎರಡು ಗೂಟದ ಮೇಲೆ ಹಲಗೆ ಪೂರ್ತಿ ಮಗುಚಿಕೊಳ್ಳಬೇಕು. ಒಂದು ಮುಖ ಬರಿ, ಇನ್ನೊಂದರಲ್ಲಿ ಅಲಗು. ಮಗುಚುವ ಹಲಗೆಯನ್ನು ತಡೆಯಲು ಕೆಳಗೆ ಆಧಾರ ಕೊಟ್ಟರೆ ಅದು ಮಗುಚುವುದಿಲ್ಲ, ಕೊಡದಿದ್ದರೆ ಕೂತವರು ಮಗುಚುತ್ತಾರೆ. ಚಿಲಕ ಹಾಕಿ ತಡೆಯಲು ವೆಲ್ಡಿಂಗ್ ಅಂಗಡಿಯಲ್ಲಿ 250 ರೂಪಾಯಿಗೆ ಕಬ್ಬಿಣದ ಹಿಡಿ ಮಾಡಿಸಿದೆ. ಹಿಂದಿನ ಅಂಚಿನ ಮೇಲೆ ನಾನು ಭಾರ ಹಾಕಿದಾಗ ಚಿಲಕ ಬಾಗಿತು.

ಪರಿಹಾರ ಆಚಾರರ ಒಂದು ಮಾತಿನಿಂದ ಬಂತು: "ಅದನ್ನು ಕಟ್ಟಿ ಹಾಕುವುದು ಯಾಕೆ? ಎತ್ತಿ ತಿರುವಿ ಇಟ್ಟರಾಯಿತು." ಕೀಲೂ ಬೇಡ, ಗೂಟವೂ ಬೇಡ. ಮೇಲಿನ ಹಲಗೆ ಈಗ ಬಿಡಿ. ಬದಿಹಲಗೆಗಳ ಒಳಮೈಗೆ ಬಡಿದ 2 ಸೆಂ.ಮೀ ಪಟ್ಟಿಗಳ ಮೇಲೆ ಅದು ಕೂರುತ್ತದೆ, ಮೇಲ್ಮೈ ಸುತ್ತಲಿನ ಅಂಚಿಗೆ ಸಮವಾಗಿ ನಿಲ್ಲುತ್ತದೆ. ಅಳತೆ 26.8 ಅಗಲ, 32.6 ಉದ್ದ. ಎತ್ತಿ, ಮುಂದಿನಿಂದ ಹಿಂದಕ್ಕೆ ಮಗುಚಿ ಇಟ್ಟರೆ ಅಲಗು ಮೇಲೆ ಬರುತ್ತದೆ. ಇನ್ನೊಮ್ಮೆ ಮಗುಚಿದರೆ ಮಡಚಿದ ಅಲಗು ಸ್ಟೂಲಿನ ಹೊಟ್ಟೆಯೊಳಗೆ ಹೋಗುತ್ತದೆ. ನಾಲ್ಕೈದು ಸೆಕೆಂಡಿನ ಕೆಲಸ.

ಬಿಡಿ ಹಲಗೆ ಹಾರಿ ಬರಬಾರದಲ್ಲ. ಎಡ ಬದಿಹಲಗೆಯ ಒಳಮೈಯಲ್ಲಿ 8 ಮಿ.ಮೀ ಉಕ್ಕಿನ ಮೊಳೆಯೊಂದು 6 ಮಿ.ಮೀ ಹೊರಚಾಚಿದೆ. ಹಲಗೆಯ ಎಡ ಅಂಚಿನ ತೂತನ್ನು ಓರೆಯಾಗಿ ಅದಕ್ಕೆ ಸಿಕ್ಕಿಸಿ ಬಲಭಾಗವನ್ನು ಇಳಿಬಿಡಬೇಕು. ಬಲ ಬದಿಹಲಗೆಯ ಹೊರಗಿನಿಂದ ಅದೇ ದಪ್ಪದ ಕಡ್ಡಿಯೊಂದನ್ನು 3 ಸೆಂ.ಮೀ ಒಳಕ್ಕೆ ತಳ್ಳಬೇಕು. ತೂತುಗಳು ಹಲಗೆಯ ದಪ್ಪದ ಸರಿಮಧ್ಯದಲ್ಲೂ ಉದ್ದದ ಸರಿಮಧ್ಯದಲ್ಲೂ ಇರುವುದರಿಂದ ಹಲಗೆ ಯಾವ ಮುಖ ಮೇಲಿದ್ದರೂ ಕಡ್ಡಿ ಹೋಗುತ್ತದೆ. ಈ ಮಧ್ಯವನ್ನು ಗುರುತಿಸುವಾಗ ಎರಡೂ ಮುಖಗಳಿಂದ ಅಳೆದು ನಡುವಿನ ಗೆರೆ ಹಿಡಿಯಬೇಕು. ಒಂದೇ ಮುಖದಿಂದ ಅಳೆದರೆ ಒಂದು ಮಿಲಿಮೀಟರ್ ತಪ್ಪಿದರೂ ಮಗುಚಿದಾಗ ಅದು ಎರಡಾಗುತ್ತದೆ. ಕಡ್ಡಿ ಕಳೆಯದಿರಲು ದಾರ ಕಟ್ಟಿದ್ದೇನೆ.

ಒಂದು ಲಾಭ ಯಾರೂ ಕೇಳದೆ ಬಂತು. ಬಿಡಿ ಹಲಗೆ ಅಂದರೆ ಅದೇ ಒಂದು ಈಳಿಗೆ ಮಣೆ. ನೆಲಕ್ಕೆ ಕೂರಬಲ್ಲವರು ಅದನ್ನಷ್ಟೇ ತೆಗೆದುಕೊಂಡು ಹೋಗುತ್ತಾರೆ. ಊರ ಹಬ್ಬಕ್ಕೆ ಹೋದಾಗ ಬಸ್ಸಿನಲ್ಲಿ ಚೀಲದೊಳಗೆ ಹೋದದ್ದು ಹಲಗೆ ಮಾತ್ರ.

7. ಮಳೆ ಬಂದಾಗ

ಆಷಾಢದ ಜಡಿಮಳೆಯಲ್ಲಿ ಹಲಗೆ ಕಚ್ಚಿಕೊಂಡಿತು. ಬದಿಗೆ ಒಂದೊಂದು ಮಿಲಿಮೀಟರ್ ಸಂದು ಬಿಟ್ಟಿದ್ದೆ. ಮರ ಅಡ್ಡಕ್ಕೆ ಉಬ್ಬಿ ಅದನ್ನು ನುಂಗಿತು. ಕೆಳಗಿನಿಂದ ಕೈಯಿಂದ ಗುದ್ದಿ ಎಬ್ಬಿಸಬೇಕಾಯಿತು, ಕೆಳಗೆ ಅಲಗಿದೆ ಎಂಬುದು ಗೊತ್ತಿದ್ದೂ. ಅಂಚಿಗೆ ಹತ್ತರಿ ಹೊಡೆದು ಅಗಲವನ್ನು 26.5ಕ್ಕೆ ಇಳಿಸಿದೆ, ಬದಿಗೆ ಎರಡೂವರೆ ಮಿಲಿಮೀಟರ್. ಬೇಸಿಗೆಯಲ್ಲಿ ಗಡಗಡ ಎಂದಿತು. ಕೆಳಗಿನ ಪಟ್ಟಿಗಳ ಮೇಲೆ ಹಳೆಯ ಕಂಬಳಿಯ ಚೂರು ಅಂಟಿಸಿದ ಮೇಲೆ ಸದ್ದಿಲ್ಲ.

8. ಮಗ್ಗುಲಿಗೆ ಉರುಳಿಸಿದಾಗ

ಎಡಮಗ್ಗುಲಿಗೆ ಉರುಳಿಸಿದರೆ ಬಲ ಬದಿಹಲಗೆ ಮೇಲೆ ಬರುತ್ತದೆ: 42ಕ್ಕೆ 38ರ ಅಗಲವಾದ ಮೈ, ನೆಲದಿಂದ 32 ಎತ್ತರ. ಮಗ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಬರೆಯುತ್ತಾನೆ. ಮೆಟ್ಟಿಲಾಗಿ ನಾನು ಹತ್ತಿದಾಗ ಪಾದದ ಪಟ್ಟಿಯ ಕಡೆಯ ಮೂಲೆ ಕಿರ್ ಎಂದಿತು. ಆ ತುದಿಯಲ್ಲಿ ಮೇಲೆ ಬಂದ ಬದಿಹಲಗೆಯನ್ನು ಹೊತ್ತಿದ್ದುದು ಒಂದೇ ಪಟ್ಟಿ, ಅದೂ ಒಂದು ಪಕ್ಕಕ್ಕೆ ಸರಿದಿದ್ದದ್ದು. ಹಿಂಭಾಗದಲ್ಲಿ 6 ಸೆಂ.ಮೀ ಅಗಲದ ಇನ್ನೊಂದು ಪಟ್ಟಿ ಹಾಕಿದ ಮೇಲೆ 74 ಕಿಲೋದ ನಾನು ನಾಲ್ಕೂ ಮೂಲೆಗೆ ಭಾರ ಹಾಕಿ ನೋಡಿದ್ದೇನೆ. ಹತ್ತುವ ಮೊದಲು ಕಡ್ಡಿ ಪೂರ್ತಿ ಒಳಗಿರಬೇಕು, ಅಲಗಿನ ಮುಖ ಒಳಗಿರಬೇಕು. ಅಲಗಿನ ಮುಖ ಹೊರಗಿಟ್ಟು ಉರುಳಿಸಿದರೆ ಕಾಲ ಬದಿಯಲ್ಲಿ ಕತ್ತಿ ಇರುತ್ತದೆ. ಇದನ್ನು ಆಗದಂತೆ ಮಾಡುವ ಬೀಗದ ಉಪಾಯ ಇನ್ನೂ ಹೊಳೆದಿಲ್ಲ. ಸದ್ಯಕ್ಕೆ ಬರಿ ಮುಖದ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ ಹಚ್ಚಿ, ಚುಕ್ಕೆ ಕಂಡರೆ ಮಾತ್ರ ಉರುಳಿಸಬೇಕು ಎಂದು ಮನೆಯಲ್ಲಿ ಹೇಳಿಟ್ಟಿದ್ದೇನೆ.

ತಲೆಕೆಳಗು ಮಾಡಿ ಕಾಯಿ ಹೊರುವ ಬುಟ್ಟಿಯ ಕೆಲಸವನ್ನು ಬಿಟ್ಟೆ. ಸ್ಟೂಲೇ ಏಳೂವರೆ ಕಿಲೋ ಇದೆ. ಅದಕ್ಕೆ ಹತ್ತು ಕಾಯಿ ಸೇರಿಸಿ ಹೊರುವುದಕ್ಕಿಂತ ಚೀಲ ಸುಖ. ಮೇಲಾಗಿ ಕಾಯಿಗಳು ಅಲಗಿನ ಕೀಲಿಗೆ ಬಡಿಯುತ್ತವೆ.

9. ಎಣ್ಣೆ, ರಬ್ಬರು

ಉಪ್ಪುಕಾಗದ 80, 120, 220ರ ಕ್ರಮದಲ್ಲಿ. ವಾರ್ನಿಷ್ ಬೇಡ ಎಂದುಕೊಂಡೆ, ಕಾಯಿ ತುರಿ ಬೀಳುವ ಜಾಗ. ತೆಂಗಿನ ಎಣ್ಣೆ ಒಣಗುವುದಿಲ್ಲ, ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಬಣ್ಣದ ಅಂಗಡಿಯ 'ಡಬಲ್ ಬಾಯ್ಲ್ಡ್' ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಅಡುಗೆಯ ವಸ್ತುವಿಗೆ ಅದು ಬೇಡ. ಹಸಿ ಅಗಸೆ ಎಣ್ಣೆಯನ್ನು ತೆಳುವಾಗಿ ಮೂರು ಸಲ ಹಚ್ಚಿ, ಪ್ರತಿ ಸಲ ಹೆಚ್ಚಾದದ್ದನ್ನು ಒರೆಸಿ, ನಡುವೆ ವಾರದಷ್ಟು ಬಿಟ್ಟೆ. ಕೊನೆಗೆ ಜೇನುಮೇಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ ಅಥವಾ ನೀರಲ್ಲಿ ನೆನೆಸಿಡಿ.

ಬದಿಹಲಗೆಗಳ ಕೆಳ ಅಂಚಿಗೂ ಎಡಮೈಯ ನಾಲ್ಕು ಮೂಲೆಗೂ ಸೈಕಲ್ ಟ್ಯೂಬಿನ ತುಂಡು ಅಂಟಿಸಿದೆ.

10. ಖರ್ಚು

ಹಲಸಿನ ಮರ 1,150, ಹಲಗೆ ಸಮ ಮಾಡುವ ಯಂತ್ರದ ಬಾಡಿಗೆ 200, ಆಚಾರರ ಕೂಲಿ 1,800, ಮಡಚುವ ಅಲಗು 420, ಕಡ್ಡಿ, ಮೊಳೆ, ಸ್ಕ್ರೂ 140, ಅಂಟು 95, ಎಣ್ಣೆ, ಮೇಣ 230, ರಬ್ಬರು, ಅಂಟಿಸುವ ದ್ರಾವಣ 60. ಒಟ್ಟು 4,095. ವ್ಯರ್ಥವಾದದ್ದು ತೆಂಗಿನ ಹಲಗೆಯ ಕೊಯ್ಲು, ಕಬ್ಬಿಣದ ಹಿಡಿ ಸೇರಿ 600. ಇಷ್ಟು ಹಣಕ್ಕೆ ಒಳ್ಳೆಯ ನೆಲದ ಈಳಿಗೆ ಮಣೆ, ಪ್ಲಾಸ್ಟಿಕ್ ಸ್ಟೂಲು, ಮಕ್ಕಳ ಮಡಚುವ ಡೆಸ್ಕು ಮೂರನ್ನೂ ಕೊಂಡು ಚಿಲ್ಲರೆ ಮಿಗಿಸಬಹುದು. ಉಳಿತಾಯಕ್ಕಾಗಿ ಇದನ್ನು ಯಾರೂ ಮಾಡಬೇಕಾಗಿಲ್ಲ. ನೆಲಕ್ಕೆ ಕೂರಲಾಗದವರು ಮನೆಯಲ್ಲಿದ್ದರೆ, ಜಾಗ ಕಡಿಮೆಯಿದ್ದರೆ ಮಾಡಬಹುದು.

ಈಗಿನ ಸ್ಥಿತಿ ಮತ್ತು ಬಾಕಿ

ಷರತ್ತಿನಂತೆ ಪ್ಲಾಸ್ಟಿಕ್ ಸ್ಟೂಲು ಮತ್ತು ತುರಿಯಂತ್ರ ಎರಡೂ ಅಡುಗೆಮನೆಯಿಂದ ಹೊರಗೆ ಹೋಗಿವೆ. ಬಳಕೆ ಒಂದೇ ಸಮ ಇಲ್ಲ. ಕಾಯಿ ತುರಿಯುವುದು ದಿನವೂ, ಕೂರಲು ಬಂದವರು ಬಂದಾಗ, ಡೆಸ್ಕು ಪರೀಕ್ಷೆಯ ಕಾಲದಲ್ಲಿ, ಮೆಟ್ಟಿಲು ತಿಂಗಳಿಗೊಮ್ಮೆ. ಅಮ್ಮ ಹಲಗೆಯನ್ನು ಒಬ್ಬರೇ ಮಗುಚುತ್ತಾರೆ, ಸ್ಟೂಲನ್ನು ಉರುಳಿಸಲು ಮಗನನ್ನು ಕರೆಯುತ್ತಾರೆ. ಬದಿಹಲಗೆಯನ್ನು 2 ಸೆಂ.ಮೀ ದಪ್ಪಕ್ಕೆ ಇಳಿಸಿದ್ದರೆ ಸುಮಾರು ಒಂದು ಕಿಲೋ ಕಡಿಮೆಯಾಗುತ್ತಿತ್ತು. ತಿಪಟೂರಿನ ಚಿಕ್ಕಮ್ಮ ಒಂದು ಕೇಳಿದ್ದಾರೆ, ಅವರದನ್ನು ಹಾಗೆ ಮಾಡುತ್ತೇನೆ.

ಬಾಕಿ ಇರುವುದು ಎರಡು. ಅಲಗಿನ ಕತ್ತಿಯ ಭಾಗಕ್ಕೆ ತೊಗಲಿನ ಒರೆ ಬೇಕು. ಚಪ್ಪಲಿ ಹೊಲಿಯುವವರಿಗೆ ಅಳತೆ ಕೊಟ್ಟಿದ್ದೇನೆ. ಸೈಕಲ್ ಟ್ಯೂಬು ಬಿಳಿ ಟೈಲ್ಸ್ ಮೇಲೆ ಕಪ್ಪು ಗೆರೆ ಬಿಡುತ್ತಿದೆ, ಒರೆಸಿದರೆ ಹೋಗುತ್ತದೆ, ಆದರೆ ಒರೆಸುವವಳು ನಾನಲ್ಲ. ಊರುಗೋಲಿನ ತುದಿಗೆ ಹಾಕುವ ಬೂದು ರಬ್ಬರನ್ನು ಕತ್ತರಿಸಿ ಹಾಕಬಹುದು ಎಂದು ಮಂಡಿಪೇಟೆಯ ಅಂಗಡಿಯವರು ಹೇಳಿದರು. ಎಂಟು ತುಂಡು ತಂದಿದ್ದೇನೆ, ಇನ್ನೂ ಅಂಟಿಸಿಲ್ಲ.